ಅವ್ವ ಅತ್ತಷ್ಟು ಉಸಿರು

ನಾನು ಸತ್ತೆನೆಂದು ತಿಳಿದು ನಮ್ಮವ್ವ ಹಾಡಿಕೊಂಡು ಅತ್ತದ್ದನ್ನು ನಾನು ಮಲಗಿದಲ್ಲೇ ಪೂರ್ತಿ ಕೇಳಿದ್ದೇನೆ. ಹೀಗೆ ಹೇಳಿದರೆ ಜನ ನಗುತ್ತಾರೆ. ನಾನೂ ನಗು ಬರುವ ಹಾಗೆಯೇ ಹೇಳಿ ರೂಢಿ ಮಾಡಿಕೊಂಡಿದ್ದೇನೆ. ನಕ್ಕು ಮುಗಿದ ಮೇಲೆ ಉಳಿಯುವುದೊಂದಿದೆ, ಅದನ್ನು ಮಾತ್ರ ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನನ್ನ ತವರು ಹಾವೇರಿ, ಕೊಟ್ಟ ಮನೆ ಬ್ಯಾಡಗಿ. ನಮ್ಮವರದು ಮೆಣಸಿನಕಾಯಿಯ ದಲಾಲಿ ಅಂಗಡಿ, ಮನೆಯ ಹಿಂದೆಯೇ ಮಾಲು ಒಟ್ಟುವ ವಖಾರಿ. ಲಗ್ನವಾಗಿ ಬಂದ ಹೊಸದರಲ್ಲಿ ನಾನು ಸೀನಿ ಸೀನಿ ಸಾಯುತ್ತಿದ್ದೆ. ಮೂಗು ಎಂಬುದು ನಾಲ್ಕು ತಿಂಗಳಲ್ಲಿ ರೂಢಿಯಾಗುತ್ತದೆ ಎಂದು ಅತ್ತೆ ಹೇಳಿದ್ದರು. ಅವರು ಹೇಳಿದ ಎಷ್ಟೋ ಮಾತುಗಳಲ್ಲಿ ಖರೇ ಆದದ್ದು ಅದೊಂದೇ.

ಆ ದಿನ ಬೆಳಿಗ್ಗೆ ಮನೆಖರ್ಚಿಗೆ ಒಂದು ಬುಟ್ಟಿ ಕಾಯಿ ತಾ ಎಂದು ಅತ್ತೆಯೇ ಕಳಿಸಿದ್ದು. ಹೊಸ ಮಾಲು ಮುಟ್ಟಬೇಡ, ಮೂಲೆಯಲ್ಲಿ ಹೋದ ವರ್ಷದ ಚೀಲವಿದೆ, ಅದರೊಳಗಿನದು ತಾ ಎಂದರು. ಮಾರುವವರ ಮನೆಯಲ್ಲಿ ಒಳ್ಳೆಯ ಕಾಯಿ ತಿನ್ನುವ ಪದ್ಧತಿ ಎಲ್ಲಿಯೂ ಇರುವುದಿಲ್ಲ. ಮೂಲೆಯಲ್ಲಿ ಖಾಲಿ ಗೋಣಿಚೀಲಗಳನ್ನು ಒಟ್ಟಿದ್ದರು. ಅವುಗಳ ಸಂದಿಯಲ್ಲಿ ಕೈ ಹಾಕಿದೆ. ಚುರ್ ಎಂದಿತು. ಕೈ ಎಳೆದುಕೊಂಡಾಗ ಚೀಲಗಳ ನಡುವೆ ಹೆಡೆ ಅರ್ಧ ಎದ್ದಿತ್ತು. ಇಲಿಗಾಗಿ ಬಂದದ್ದಿರಬೇಕು.

ನಮ್ಮ ಕಡೆ ಹಾವು ಕಚ್ಚಿತು ಎಂದು ಯಾರೂ ಅನ್ನುವುದಿಲ್ಲ. ಹುಳ ಮುಟ್ಟಿತು ಎನ್ನುತ್ತೇವೆ. ನಾನೂ ಅಂಗಳಕ್ಕೆ ಬಂದು ಅಷ್ಟೇ ಮೆತ್ತಗೆ ಹೇಳಿದೆ. ನಮ್ಮವರು ಅಂಗಡಿಯಿಂದ ಓಡಿ ಬಂದರು, ಎದುರಿನ ಅಂಗಡಿಯವರ ಕಾರು ತರಿಸಿದರು. ಅಷ್ಟರಲ್ಲಿ ನನ್ನ ರೆಪ್ಪೆಗಳು ಜೋತುಬೀಳತೊಡಗಿದ್ದವು. ನಾಗರ ಹಾವಿನ ವಿಷ ಮೊದಲು ಹಿಡಿಯುವುದೇ ರೆಪ್ಪೆಯನ್ನಂತೆ. ಹುಬ್ಬು ಎಷ್ಟು ಮೇಲೆತ್ತಿದರೂ ಕಣ್ಣು ತೆರೆಯಲಿಲ್ಲ. ನಾಲಗೆ ದಪ್ಪವಾಯಿತು, ಜೊಲ್ಲು ನುಂಗಲು ಬರಲಿಲ್ಲ. ಕಾರಿನಲ್ಲಿ ನನ್ನ ಕುತ್ತಿಗೆ ನಮ್ಮವರ ಹೆಗಲ ಮೇಲೆ ವಾಲಿತು. ಎಚ್ಚರವೊಂದು ಬಿಟ್ಟು ಎಲ್ಲವೂ ಹೋಗುತ್ತಿತ್ತು.

ಇತ್ತ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ನನ್ನ ತವರಿಗೆ ಸುದ್ದಿ ಮುಟ್ಟಿಸಲು ಫೋನ್ ಹಚ್ಚಿದರು. ನಮ್ಮ ತವರಲ್ಲಿ ಫೋನ್ ಇರಲಿಲ್ಲ, ಪಕ್ಕದ ಔಷಧದ ಅಂಗಡಿಗೆ ಮಾಡಬೇಕು. ದಿವಾನಜಿ ಎಂದೂ ಸುಳ್ಳಾಡದ ಮನುಷ್ಯ. ಕಾರು ಹತ್ತಿಸುವಾಗ ತಾವು ಕಂಡದ್ದನ್ನು ಕಂಡ ಹಾಗೆಯೇ ಹೇಳಿದರು: "ನಿಮ್ಮ ಹುಡುಗಿಗೆ ಹುಳ ಮುಟ್ಟೈತ್ರಿ. ಕಣ್ಣು ಮುಚ್ಯಾಳ. ರಾಣೆಬೆನ್ನೂರಿಗೆ ಒಯ್ದಾರ, ಲಗೂ ಬರ್ರಿ."

ಕಣ್ಣು ಮುಚ್ಚಿದ್ದು ನಿಜ. ಆದರೆ ಕಣ್ಣು ಮುಚ್ಚಿದವರನ್ನು ನೋಡಲು ನಮ್ಮಲ್ಲಿ ಜನ ಹಾರ ತೆಗೆದುಕೊಂಡು ಬರುತ್ತಾರೆ. ಸತ್ತವಳನ್ನು ರಾಣೆಬೆನ್ನೂರಿಗೇಕೆ ಒಯ್ದರು ಎಂದು ಹಾವೇರಿಯಲ್ಲಿ ಯಾರೂ ಕೇಳಲಿಲ್ಲ. ಹೆಣ ಕೊಯ್ಯಲು ಒಯ್ದಿರಬೇಕೆಂದು ಯಾರೋ ಹೇಳಿದರು, ಎಲ್ಲರೂ ಒಪ್ಪಿದರು. ಗಂಡನಿರುವಾಗಲೇ ಹೋದ ಹೆಣ್ಣಿಗೆ ತವರಿನವರು ಸೀರೆ ಉಡಿಸಿ ಉಡಿ ತುಂಬಿ ಕಳಿಸಬೇಕು. ಅವ್ವ ಪೇಟೆಯಲ್ಲಿ ಹಸಿರು ಸೀರೆ ಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ರಾಣೆಬೆನ್ನೂರಿನದು ಸಣ್ಣ ಖಾಸಗಿ ಆಸ್ಪತ್ರೆ. ನಾನು ಹೋದ ಹೊತ್ತಿಗೆ ಎದೆ ಏಳುವುದೇ ನಿಂತಿತ್ತು. ಡಾಕ್ಟರು ಬಾಯಿ ತೆರೆಸಿ ಗಂಟಲಿನೊಳಗೆ ರಬ್ಬರಿನ ನಳಿಗೆ ಇಳಿಸಿದರು. ಅದು ಇಳಿದದ್ದು ನನಗೆ ಗೊತ್ತಾಯಿತು. ಕೆಮ್ಮಬೇಕೆನಿಸಿತು, ಕೆಮ್ಮಲು ಮೈ ಇರಲಿಲ್ಲ. ನಳಿಗೆಯ ತುದಿಗೆ ಒಂದು ಕರಿಯ ಚೀಲ ಸಿಕ್ಕಿಸಿ ಒತ್ತಿದರು. ಎದೆ ತಾನಾಗಿ ಉಬ್ಬಿತು. ಆ ಮೊದಲ ಗಾಳಿ ಒಳಗೆ ಬಂದಾಗ ಆದ ಸುಖವನ್ನು ನಾನು ಯಾವ ಊಟದಲ್ಲಿಯೂ ಯಾವ ಹಾಸಿಗೆಯಲ್ಲಿಯೂ ಕಂಡಿಲ್ಲ.

ಉಸಿರಾಡಿಸುವ ಯಂತ್ರ ಹುಬ್ಬಳ್ಳಿಯಲ್ಲಿತ್ತು. ಅಲ್ಲಿಗೆ ಒಯ್ಯುವ ಧೈರ್ಯ ಡಾಕ್ಟರಿಗಿರಲಿಲ್ಲ. ವಿಷಕ್ಕೆ ಇಂಜೆಕ್ಷನ್ ಕೊಟ್ಟಿದ್ದೇನೆ, ವಿಷದ ಬಿಗಿ ಸಡಿಲುವತನಕ ಯಾರಾದರೂ ಈ ಚೀಲ ಒತ್ತುತ್ತಲೇ ಇರಬೇಕು, ಕೈ ನಿಂತರೆ ಆಕೆ ಹೋದಳು ಎಂದು ಅವರು ನಮ್ಮವರಿಗೆ ಬಿಡಿಸಿ ಹೇಳಿದ್ದು ನನಗೆ ಕೇಳಿಸಿತು. ಆಕೆಗೆ ಎಲ್ಲವೂ ಕೇಳಿಸುತ್ತಿರಬಹುದು, ನೋಡಿಕೊಂಡು ಮಾತಾಡಿರಿ ಎಂದೂ ಅಂದರು. ಅದನ್ನು ಯಾರೂ ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ನನ್ನ ಕೊರಳ ಸರ ತೆಗೆದಿಡುವುದು ಒಳ್ಳೆಯದು, ಎಲ್ಲಿಯಾದರೂ ಬಿದ್ದೀತು ಎಂದರು. ಸರ ಬಿಚ್ಚಿದ ಬೆರಳುಗಳ ತಂಪನ್ನು ನಾನು ಮರೆತಿಲ್ಲ, ಅವರಿಗೂ ಮರೆಯಗೊಟ್ಟಿಲ್ಲ.

ಚೀಲ ಒತ್ತಿದವರು ನಮ್ಮವರು. ಅವರದು ಮೊದಲು ಹದವಾದ ಒತ್ತು, ಬರಬರುತ್ತ ಕೈ ಸೋತು ಅರೆಬರೆ ಉಸಿರು. ನಡುನಡುವೆ ನರ್ಸಬಾಯಿ ಬರುತ್ತಿದ್ದಳು. ಗಟ್ಟಿ ದನಿಯ, ಮಾತಿಗೆ ಮುಂಚೆ ಬೈಯುವ ಹೆಂಗಸು. ಕಾಲಿನಿಂದ ತುಳಿಯುವ ಪಂಪಿಗೆ ತೆಳ್ಳನೆಯ ನಳಿಗೆ ಹಚ್ಚಿ ನನ್ನ ಗಂಟಲಲ್ಲಿ ಕೂಡಿದ ಜೊಲ್ಲು ಕಫ ಎಳೆದು ತೆಗೆಯುತ್ತಿದ್ದಳು. ಆಗ ಒಳಗಿದ್ದ ಗಾಳಿಯೂ ಅದರ ಕೂಡ ಹೋಗುತ್ತಿತ್ತು. ಜೀವವನ್ನೇ ಹೀರಿ ತೊಟ್ಟಿಯಲ್ಲಿ ಚೆಲ್ಲಿದ ಹಾಗೆ ಆಗುತ್ತಿತ್ತು, ಮತ್ತೆ ಚೀಲ ಹಚ್ಚುವವರೆಗೆ. ನನ್ನ ಕಣ್ಣು ಒಣಗದ ಹಾಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ಕದರಮಂಡಲಗಿಯ ಆಂಜನೇಯನ ತೀರ್ಥ ತರಿಸಿ ಬಾಯಿಗೆ ಬಿಡಲು ಬಂದ ಅತ್ತೆಯ ಕೈ ಹಿಡಿದು, ಒಂದು ಹನಿ ಎದೆಗಿಳಿದರೂ ಇವಳು ಉಳಿಯುವುದಿಲ್ಲ, ಹಣೆಗೆ ಹಚ್ಚಿರಿ ಎಂದಳು. ಅತ್ತೆ ಹಣೆಗೆ ಹಚ್ಚಿದರು.

ಮಧ್ಯಾಹ್ನ ಇಳಿದ ಮೇಲೆ ಬಾಗಿಲಲ್ಲಿ ಅವ್ವನ ದನಿ ಕೇಳಿತು. ಬಸ್ಸು ಇಳಿದ ಪಿ.ಬಿ. ರೋಡಿನಿಂದಲೇ ಹಾಡಿಕೊಂಡು ಅಳುತ್ತ ಬಂದಿದ್ದಳು. ನಮ್ಮ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರ ಬದುಕನ್ನೆಲ್ಲ ರಾಗದಲ್ಲಿ ಹೇಳಿಕೊಳ್ಳುತ್ತಾರೆ, ಸಾಲಿಗೊಮ್ಮೆ ನನ್ನವ್ವಾ, ನನ್ನ ಬಂಗಾರಾ ಎಂದು ನಿಲ್ಲುತ್ತಾರೆ. ನಾನು ಸಾವಿನ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಬ್ಯಾಡಗಿಯ ಕೆಂಪು ಧೂಳಿಗೆ ನಿನ್ನ ದೂಡಿದೆ ನನ್ನವ್ವಾ ಎಂಬುದು ಕಿವಿಗೆ ಬಿದ್ದಾಗ ಇದು ಯಾರ ಸಾವಿನದೆಂದು ತಿಳಿಯಲು ನನಗೂ ಒಂದಿಷ್ಟು ಹೊತ್ತು ಹಿಡಿಯಿತು.

ಮುಂದೆ ಆದದ್ದನ್ನು ನಮ್ಮವರು ಈಗಲೂ ನಗುತ್ತ ಕೇಳಲಾರರು. ಅವರು ತುಂಬ ಮರ್ಯಾದಸ್ಥರು. ನಮ್ಮವ್ವನ ಎದುರಿಗೆ ಮಂಚದ ಮೇಲೆ ಎಂದೂ ಕೂತವರಲ್ಲ. ಅವ್ವ ಒಳಗೆ ಬಂದಳು. ಅವರು ಎದ್ದು ನಿಂತರು. ಎದ್ದು, ಹೆಣ್ಣುಮಕ್ಕಳಿಗೆ ದಾರಿ ಬಿಟ್ಟು, ಗೋಡೆಗೆ ಸರಿದು ನಿಂತರು.

ಉಸಿರು ಬರಲಿಲ್ಲ.

ಈಗ ಬಂದೀತು ಎಂದು ಕಾದೆ. ಅವ್ವ ನನ್ನ ಎದೆಯ ಮೇಲೆ ಬಿದ್ದು ಅಳುತ್ತಿದ್ದಳು, ಒಳಗೆ ಇದ್ದಷ್ಟೂ ಹೊರಗೆ ಹೋಯಿತು. ನನ್ನ ಹೊಟ್ಟೆ, ನನ್ನ ಗಂಟಲು, ಯಾವುದೂ ನನ್ನ ಮಾತು ಕೇಳಲಿಲ್ಲ. ಹೊರಗೆ ರಸ್ತೆಯಲ್ಲಿ ಯಾರೋ ಬಾಳೆಹಣ್ಣು ಮಾರುತ್ತ ಹೋದರು. ನಾನು ಇಲ್ಲೇ ಇದ್ದೇನೆ ಎಂದು ಒಂದು ಬೆರಳಿನಿಂದ ಹೇಳುವುದಕ್ಕಾಗಿ ಏನು ಬೇಕಾದರೂ ಕೊಡುತ್ತಿದ್ದೆ. ಅವ್ವನ ದನಿ ದೂರ ದೂರ ಹೋಗತೊಡಗಿತು. ಈಗಲೂ ಕೆಲವು ಸಲ ಜನ ತುಂಬಿದ ಕೋಣೆಯಲ್ಲಿ ಎಲ್ಲರೂ ಮಾತಾಡುತ್ತಿರುವಾಗ ಆ ಹೊತ್ತು ಮರಳಿ ಬರುತ್ತದೆ. ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.

ನರ್ಸಬಾಯಿ ಬಂದದ್ದು ಬೈಗುಳದಿಂದ ಗೊತ್ತಾಯಿತು. ನಮ್ಮವರಿಗೆ ಏನೇನೋ ಅಂದಳು. ಚೀಲ ಒತ್ತಿದಳು, ಜೋರಾಗಿ, ಮೇಲಿಂದ ಮೇಲೆ. ಎದೆ ಉಬ್ಬಿತು. ಆಮೇಲೆ ಅವ್ವನಿಗೆ ಹೇಳಿದಳು: "ಹೆಣದ ಮುಂದ ಅತ್ತಂಗ ಅಳಬ್ಯಾಡ್ರಿ ಯವ್ವಾ. ನಿಮ್ಮ ಮಗಳು ಜೀವಂತ ಅದಾಳ. ಕೈ ಕೊಡ್ರಿ ಇಲ್ಲೆ."

ಪಕ್ಕದ ಕೋಣೆಯಲ್ಲಿ ಹೆರಿಗೆ ನಡೆದಿತ್ತು, ಆಕೆ ಅಲ್ಲಿಗೆ ಹೋಗಬೇಕಿತ್ತು. ನಮ್ಮವರ ಕೈ ಪೂರ್ತಿ ಸೋತಿತ್ತು. ಹಾಗಾಗಿ ಚೀಲ ಅವ್ವನ ಕೈಗೆ ಬಂತು. ಅವ್ವನಿಗೆ ಒತ್ತಲು ಬರಲಿಲ್ಲ. ಗಡಬಡಿಸಿ ಒತ್ತಿದಳು, ಗಾಳಿ ಎದೆಯಲ್ಲಿ ಕೂಡ್ರುವ ಮೊದಲೇ ಹೊರಗೆ ಬರುತ್ತಿತ್ತು. ಸಾವಕಾಶ ಎಂದರೆ ಪೂರ್ತಿ ನಿಲ್ಲಿಸುತ್ತಿದ್ದಳು. ಒಂದು ಎರಡು ಎಣಿಸಿ ತೋರಿಸಿದರು, ಅದೂ ಹತ್ತಲಿಲ್ಲ. ನಾನು ಬದುಕಿದ್ದೇನೆ ಎಂಬುದನ್ನೇ ಆಕೆಯ ಕೈ ನಂಬಿರಲಿಲ್ಲ. ತಡೆಯಲಾರದೆ ಮತ್ತೆ ಮೆಲ್ಲಗೆ ಅಳು ತೆಗೆದಳು. ನನ್ನವ್ವಾ ಎಂದಾಗ ಕೈ ಮುಚ್ಚಿತು. ಸಾಲು ಹೇಳುವಾಗ ಕೈ ಬಿಚ್ಚಿತು. ಮತ್ತೆ ನನ್ನವ್ವಾ, ಮತ್ತೆ ಒತ್ತು. ನರ್ಸಬಾಯಿ ನನ್ನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಉಸಿರು ಕೇಳಿದಳು.

"ಹಿಂಗ ಅಳ್ರಿ," ಎಂದಳು. "ಬರೋಬ್ಬರಿ ಐತಿ. ನಿಲ್ಲಿಸಬ್ಯಾಡ್ರಿ."

ಹೀಗೆ ನಾನು ನನ್ನ ಸಾವಿನ ಹಾಡಿನ ಮೇಲೆ ಉಸಿರಾಡಿದೆ. ಅವ್ವ ಅತ್ತರೆ ಉಸಿರು, ನಿಲ್ಲಿಸಿದರೆ ಇಲ್ಲ. ಒಂದೆರಡು ಸಲ ಬೇರೆಯವರು ತೆಗೆದುಕೊಳ್ಳಲು ನೋಡಿದರು, ಅವ್ವ ಬಿಡಲಿಲ್ಲ.

ಮೊದಲು ಬೀಗರನ್ನು ಬೈದಳು. ಮಗಳನ್ನು ವಖಾರಿಗೆ ಕಳಿಸಿದವರ ಕೈ ಸೇದಿ ಹೋಗಲಿ ನನ್ನವ್ವಾ ಎಂದಳು. ಅತ್ತೆ ಅಲ್ಲೇ ನಿಂತಿದ್ದರು, ಏನೂ ಅನ್ನುವ ಹಾಗಿರಲಿಲ್ಲ. ಅಡ್ಡ ಮಾತಾಡಿದರೆ ಸೊಸೆಯ ಉಸಿರು ತಪ್ಪುತ್ತಿತ್ತು. ಆ ಹೊತ್ತಿನಲ್ಲಿಯೂ ಅದು ನನಗೆ ಖುಷಿ ಕೊಟ್ಟಿತು, ಇಲ್ಲವೆನ್ನಲಾರೆ. ಆಮೇಲೆ ನನ್ನ ಹೊಗಳಿಕೆ. ನನ್ನ ರೊಟ್ಟಿ ಎಷ್ಟು ತೆಳ್ಳಗೆ, ನನ್ನ ಅಕ್ಷರ ಎಷ್ಟು ದುಂಡಗೆ, ಲಗ್ನದ ದಿನ ಎಷ್ಟು ಚೆಂದ ಕಂಡೆ. ಇದರಲ್ಲಿ ಒಂದು ಮಾತನ್ನೂ ಆಕೆ ನನ್ನ ಮುಂದೆ ಎಂದೂ ಆಡಿದವಳಲ್ಲ. ನನ್ನದು ಇಪ್ಪತ್ತು ದಾಟಿ ಕೆಲವೇ ವರ್ಷದ ಬದುಕು. ಹಾಡಿಕೊಂಡು ಅಳುವವರಿಗೆ ಅದೆಷ್ಟು ಹೊತ್ತಿನ ಸರಕು? ಮುಗಿಯಿತು. ಅವ್ವನ ಕೈ ತಡವರಿಸಿತು. ಒಂದು ಉಸಿರು ತಪ್ಪಿತು.

ಮತ್ತೆ ಶುರುವಾದಾಗ ಸಾಲುಗಳು ನನ್ನವಾಗಿರಲಿಲ್ಲ.

ಕುಪ್ಪೇಲೂರು ಎಂದಳು. ನಾನು ಕುಪ್ಪೇಲೂರಿನಲ್ಲಿ ಇದ್ದವಳೇ ಅಲ್ಲ. ನಮ್ಮಪ್ಪ ಸಾಲಿ ಮಾಸ್ತರರು, ನಾನು ಹುಟ್ಟುವ ಮೊದಲು ಅಲ್ಲಿದ್ದರೆಂದು ಕೇಳಿದ್ದೆ. ಕಾಲಾಗ ಬೆಳ್ಳಿ ಕಡಗ ಹಾಕಿ ಓಡಾಡಿದಿ ನನ್ನವ್ವಾ ಎಂದಳು. ನನಗೆ ಬೆಳ್ಳಿ ಕಡಗ ಹಾಕಿರಲಿಲ್ಲ. ಸರಕು ಮುಗಿದದ್ದಕ್ಕೆ ಅವ್ವ ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡೆ. ಆದರೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು, ಎರಡೆರಡು ಸಲ ಕರೆಯುತ್ತಿದ್ದಳು. ಮೂರು ತುಂಬಲಿಲ್ಲ ನನ್ನ ಬಂಗಾರಾ ಎಂದಾಗ ನನಗೆ ತಿಳಿಯಿತು. ನಾನೇ ಚೊಚ್ಚಲು ಎಂದು ಬೆಳೆದವಳು. ನನ್ನ ಮುಂಚೆ ಒಬ್ಬಳಿದ್ದಳು. ನನ್ನ ಹೆಸರು ಅವಳದಾಗಿತ್ತು.

ಒತ್ತೊತ್ತಿಗೊಂದು ಸಾಲಾಗಿ ಎಲ್ಲವೂ ಬಂತು. ಮಗುವಿಗೆ ಗಂಟಲಮಾರಿ ಆಗಿತ್ತು. ಗಂಟಲಲ್ಲಿ ಬಿಳಿಯ ಪೊರೆ ಕಟ್ಟಿ ಉಸಿರಿಗೆ ದಾರಿಯೇ ಉಳಿಯದ ರೋಗ. ಅಪ್ಪ ಊರಲ್ಲಿರಲಿಲ್ಲ. ಅವ್ವ ಒಬ್ಬಳೇ ಮಗುವನ್ನು ಎತ್ತಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದ್ದಳು. ತೊಡೆಯ ಮೇಲೆ ನೆಟ್ಟಗೆ ಕೂಡಿಸಿಕೊಂಡಿದ್ದಳು. ಪ್ರತಿ ಉಸಿರಿಗೂ ಸುಂಯ್ ಎಂದು ಸಪ್ಪಳ. ಅರ್ಧ ದಾರಿಯಲ್ಲಿ ಸಪ್ಪಳ ನಿಂತಿತು. ಕಂಡಕ್ಟರಿಗೆ ಗೊತ್ತಾದರೆ ನಡುದಾರಿಯಲ್ಲಿ ಇಳಿಸುತ್ತಾನೆ. ರಾಣೆಬೆನ್ನೂರು ಬಂದರೆ ಡಾಕ್ಟರು ಏನಾದರೂ ಮಾಡಿಯಾರು. ಅದಕ್ಕೆ ಸೆರಗು ಹೊದಿಸಿ, ಮಲಗಿದ ಮಗುವಿಗೆ ತಟ್ಟುವಂತೆ ಬೆನ್ನು ತಟ್ಟುತ್ತ ಕೂತೆ ನನ್ನವ್ವಾ, ಅಳದೆ ಕೂತೆ ನನ್ನವ್ವಾ.

ಮನೆಗೆ ಬಂದ ಮೇಲೆಯೂ ಅಳಗೊಡಲಿಲ್ಲ. ರೋಗದ ಹೆಸರಿನಲ್ಲಿ ಮಾರಿ ಇದ್ದಳಲ್ಲ, ನಮ್ಮಜ್ಜಿಗೆ ಅಷ್ಟೇ ಸಾಕಾಯಿತು. ಮಾರಿ ಒಯ್ದದ್ದಕ್ಕೆ ಅತ್ತರೆ ಆಕೆಗೆ ಸಿಟ್ಟು ಬರುತ್ತದೆ, ಮುಂದಿನದನ್ನೂ ಒಯ್ಯುತ್ತಾಳೆ ಎಂದು ಬಾಯಿ ಮುಚ್ಚಿಸಿದಳಂತೆ. ಅವ್ವ ಮುಚ್ಚಿಕೊಂಡಿದ್ದಳು. ನಾನು ಹುಟ್ಟಿ, ಬೆಳೆದು, ಲಗ್ನವಾಗಿ ಹೋಗುವವರೆಗೂ ಮುಚ್ಚಿಕೊಂಡೇ ಇದ್ದಳು.

ಅದು ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಕಣ್ಣು ಮುಚ್ಚಿದವಳಿಗೆ ಹಗಲೇನು ಇರುಳೇನು. ಕೇಳುತ್ತ ಕೇಳುತ್ತ ಆ ಹುಡುಗಿ ನನ್ನ ಮಗ್ಗುಲಲ್ಲೇ ಬಂದು ಮಲಗಿದ ಹಾಗಾಯಿತು. ಒಂದೇ ಹೆಸರಿನ ಇಬ್ಬರು, ಒಂದೇ ಚೀಲದ ಗಾಳಿ. ಅಂಜಿಕೆಯಾಯಿತು. ಆಕೆಗೆ ಹೋಗಬೇಕಾದದ್ದನ್ನು ನಾನು ಎಳೆದುಕೊಳ್ಳುತ್ತಿದ್ದೇನೆ ಅನಿಸಿತು.

ಮೊದಲು ಅಲುಗಿದ್ದು ಎಡಗಾಲಿನ ಹೆಬ್ಬೆರಳು. ಆಮೇಲೆ ಎದೆಯೊಳಗೆ ಏನೋ ತಾನಾಗಿ ಎಳೆಯತೊಡಗಿತು. ನಾನು ಉಸಿರು ಬಿಡುವಾಗ ಅವ್ವ ಒತ್ತುತ್ತಿದ್ದಳು, ನಾನು ಎಳೆಯುವಾಗ ಬಿಡುತ್ತಿದ್ದಳು. ಎರಡು ಉಸಿರು ನಳಿಗೆಯಲ್ಲಿ ಡಿಕ್ಕಿ ಹೊಡೆದು ನನಗೆ ಕೆಮ್ಮು ಬಂತು. ಕಣ್ಣು ಒಂದು ಗೆರೆಯಷ್ಟು ತೆರೆಯಿತು. ಬೆಳಗಿನ ಬೆಳಕಿತ್ತು. ನರ್ಸಬಾಯಿ ಬಗ್ಗಿ ನೋಡಿ, ಡಾಕ್ಟರನ್ನು ಕೂಗಿ, ಇನ್ನು ಸಾಕು, ಉಸಿರು ಇವಳೇ ಆಡುತ್ತಿದ್ದಾಳೆ, ಬಿಡಿರಿ ಎಂದಳು.

ಅವ್ವ ಬಿಡಲಿಲ್ಲ. ನನ್ನ ಕಣ್ಣು ತೆರೆದದ್ದನ್ನು ಆಕೆ ನೋಡಲಿಲ್ಲ. ಆಕೆ ಎದುರಿನ ಗೋಡೆ ನೋಡುತ್ತಿದ್ದಳು, ಮೈ ಸಣ್ಣಗೆ ತೂಗುತ್ತಿತ್ತು. ನರ್ಸಬಾಯಿ ಒಂದೊಂದೇ ಬೆರಳು ಬಿಡಿಸತೊಡಗಿದಳು. ಅವ್ವ ಬೆರಳು ಮತ್ತೆ ಬಿಗಿ ಮಾಡಿದಳು.

"ಇನ್ನೊಂದಿಷ್ಟ ತಡೀರಿ," ಎಂದಳು. "ಇನ್ನೂ ರಾಣೆಬೆನ್ನೂರ ಬಂದಿಲ್ಲ."

ನಾನು ನನ್ನ ಉಸಿರು ನಾನೇ ಆಡುತ್ತ, ಅವ್ವ ಈ ಕಡೆ ನೋಡಲಿ ಎಂದು ಕಾಯುತ್ತಿದ್ದೆ.

ನಳಿಗೆ ತೆಗೆದ ಮೇಲೆ ಕೆಲವು ದಿನ ದನಿ ಇರಲಿಲ್ಲ. ಊರಿಗೆ ಬಿಡುವ ದಿನ ನರ್ಸಬಾಯಿ ಹೊಸ ಹಸಿರು ಸೀರೆ ಉಟ್ಟು ಬಂದಳು. ಅವ್ವ ಕೊಟ್ಟದ್ದು. ಅದನ್ನು ಯಾತಕ್ಕೆ ತಂದದ್ದೆಂದು ಗೊತ್ತಿಲ್ಲವೇನೋ ಎಂದು ನಮ್ಮವರು ಮುಜುಗರಪಟ್ಟುಕೊಂಡು ಹೇಳಹೋದರು. ಆಕೆಗೆ ಗೊತ್ತಿತ್ತು. ಯಾರಿಗೆ ತಂದದ್ದೆಂದು ಸೀರೆಗೇನು ಗೊತ್ತು ಎಂದು ನಕ್ಕಳು. ದಿವಾನಜಿ ಮಾತ್ರ ನನ್ನ ಮುಖ ನೋಡಲು ಎಷ್ಟೋ ದಿನ ನಾಚಿದರು.

ಸುಧಾರಿಸಿಕೊಳ್ಳಲು ಹಾವೇರಿಗೆ ಬಂದೆ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನಗೆ ಪಿಸುಮಾತಿನಷ್ಟು ದನಿ ಬಂದಿತ್ತು. ಆಕಿ ಯಾರು ಎಂದು ಕೇಳಿದೆ. ಯಾವಾಕಿ ಎಂದು ಅವ್ವ ಕೇಳಲಿಲ್ಲ. ನಿನಗಿಂತ ಮೊದಲಿನಾಕಿ ಎಂದಳು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಅವಳ ಹೆಸರು ಹೊತ್ತು ತಿರುಗಿದ್ದೇನೆ, ಒಂದು ಮಾತು ಹೇಳಬಾರದೇ ಎಂದೆ. ಹೇಳಿದರೆ ಅಳು ಬರುತ್ತಿತ್ತು ಎಂದಳು. ಕೈ ಜೋಳದಲ್ಲಿಯೇ ಇತ್ತು. ಮೊರ ಒಂದು ಸಲ ಕೇರಿ ತಾನಾಗಿ ಮಾತಾಡಿದಳು.

"ಆ ನಳಿಗಿ ಅವತ್ತ ಇದ್ದಿದ್ರ ಆಕಿ ಉಳೀತಿದ್ಲು. ಆಕಿ ಉಳದಿದ್ರ ನಿನ್ನ ಹಡೀತಿರಲಿಲ್ಲ. ಒಂದು ಹೆಣ್ಣು ಸಾಕು ಅಂತಿದ್ರು ನಿಮ್ಮಪ್ಪ."

ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ನೋವಾಗಲೆಂದೂ ಅಲ್ಲ. ಇದ್ದದ್ದನ್ನು ಹೇಳಿ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ನನಗೆ ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಮೊರದ ಇನ್ನೊಂದು ಕಡೆ ಕೂತು ನಾನೂ ಕಲ್ಲು ಆರಿಸಿದೆ.

ಸಂಜೆ ಅವ್ವ ಅಡುಗೆಮನೆಯಿಂದ ಹೆಸರು ಹಿಡಿದು ಕರೆದಳು. ಯಾರಾದರೂ ನನಗಿಂತ ಮೊದಲು ಓ ಅನ್ನುತ್ತಾರೇನೋ ಎಂದು ನಾನು ಒಂದಿಷ್ಟು ಹೊತ್ತು ಕಾದೆ. ಆಮೇಲೆ ಎದ್ದು ಒಳಗೆ ಹೋದೆ.